ಕಿವಿ ಮೇಸ್ತ್ರಿಯ ಬೆರಳು

ಪಂಪು ಕೆಟ್ಟಿದೆ ಎಂಬುದು ನನಗೆ ಗೊತ್ತಾದದ್ದು ಅಪ್ಪನ ಬೆರಳಿನಿಂದ.

ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಟಕ್ ಎಂದು ಸ್ವಿಚ್ಚು ಬಿದ್ದು ಪಂಪು ಗುರುಗುಟ್ಟಲು ಶುರುವಾದ ಕೂಡಲೇ, ಮಂಚದ ಅಂಚಿನ ಮೇಲೆ ಚಾಚಿದ್ದ ಅವರ ಎಡಗೈಯ ತೋರುಬೆರಳು ಮೆಲ್ಲಗೆ ಮೇಲೇಳುತ್ತಿತ್ತು. ಪಂಪು ಓಡುವಷ್ಟು ಹೊತ್ತೂ ಹಾಗೆಯೇ ನಿಂತಿರುತ್ತಿತ್ತು. ಮತ್ತೆ ಟಕ್ ಎಂದಾಗ ಇಳಿಯುತ್ತಿತ್ತು. ಮೊದಲ ದಿನ ಕಾಕತಾಳೀಯ ಅಂದುಕೊಂಡೆ. ಎರಡನೆಯ ದಿನ ಗಡಿಯಾರ ಮುಂದಿಟ್ಟುಕೊಂಡು ಕೂತೆ. ಐದು ನಿಮಿಷಕ್ಕೊಮ್ಮೆ ಪಂಪು ತಾನಾಗಿ ಏಳುತ್ತಿತ್ತು, ಇಪ್ಪತ್ತು ಸೆಕೆಂಡು ಓಡಿ ಮಲಗುತ್ತಿತ್ತು. ಮನೆಯಲ್ಲಿ ಒಂದು ನಲ್ಲಿಯೂ ತೆರೆದಿರಲಿಲ್ಲ. ಬೆರಳು ಒಂದು ಸಲವೂ ತಪ್ಪಲಿಲ್ಲ.

ಅಪ್ಪನಿಗೆ ಪಾರ್ಶ್ವವಾಯು ಬಡಿದು ಐದು ತಿಂಗಳಾಗಿತ್ತು. ಬಲಭಾಗ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಕಣ್ಣು ತೆರೆದಿರುತ್ತಿತ್ತು, ಆದರೆ ಯಾರ ಮೇಲೂ ನಿಲ್ಲುತ್ತಿರಲಿಲ್ಲ. "ತಿಳುವಳಿಕೆ ಎಷ್ಟು ಉಳಿದಿದೆಯೋ ಹೇಳೋಕಾಗಲ್ಲ. ಜಾಸ್ತಿ ಆಸೆ ಇಟ್ಕೋಬೇಡಿ" ಎಂದು ಡಾಕ್ಟರು ಹೇಳಿದ್ದರು. ಆ ಮಾತನ್ನು ಅಕ್ಕ ಕೇಳಿಸಿಕೊಂಡಳು. ನಾನು ಕೇಳಿಸಿಕೊಳ್ಳಲಿಲ್ಲ.

ಅಕ್ಕನನ್ನು ದೂರುವಂತಿಲ್ಲ. ದಿನಾ ಬೆಳಿಗ್ಗೆ ಊರಿನ ಆ ತುದಿಯಿಂದ ಎರಡು ಬಸ್ಸು ಬದಲಾಯಿಸಿ ಬಂದು, ನನ್ನ ಜೊತೆ ಅಪ್ಪನನ್ನು ಎತ್ತಿ, ಬಚ್ಚಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಸ್ನಾನ ಮಾಡಿಸಿ ಹೋಗುತ್ತಿದ್ದಳು. ಅವಳ ಸೊಂಟ ಹಿಡಿದುಕೊಂಡಿತ್ತು. ನಾನು ಮನೆಯಲ್ಲೇ ಕೂತು ಅಚ್ಚುಕೂಟಕ್ಕೆ ಕರಡು ತಿದ್ದುವವನು. ಒಬ್ಬನೇ ಅಪ್ಪನನ್ನು ಹೊರಳಿಸಲಾಗದೆ ಅವರ ಬೆನ್ನಿಗೆ ಹುಣ್ಣಾಗಿತ್ತು.

"ಆರೈಕೆ ಕೇಂದ್ರದಲ್ಲಿ ಒಂದು ಹಾಸಿಗೆ ಖಾಲಿ ಆಗಿದೆ" ಎಂದಳು ಅಕ್ಕ, ಬುಧವಾರ. "ಶನಿವಾರ ಹತ್ತು ಗಂಟೆಗೆ ಅವರದೇ ವ್ಯಾನು ಬರುತ್ತೆ."

"ಅವರಿಗೆ ಎಲ್ಲಾ ತಿಳಿಯುತ್ತೆ ಅಕ್ಕ. ತಿಳಿಯೋ ಮನುಷ್ಯನನ್ನ ಅಲ್ಲಿ ಬಿಟ್ಟು ಬರೋದಾ?"

"ಏನು ತಿಳಿಯುತ್ತೆ? ನಿನ್ನ ಮುಖ ತಿಳಿಯುತ್ತಾ? ನನ್ನ ಮುಖ?"

ಪಂಪು ಏಳುವವರೆಗೂ ಅವಳನ್ನು ಮಂಚದ ಪಕ್ಕ ಕೂರಿಸಿಕೊಂಡು ಬೆರಳು ತೋರಿಸಿದೆ. ಅವಳು ಎರಡು ಸುತ್ತು ನೋಡಿದಳು.

"ಸದ್ದಾದ್ರೆ ಎಳೆಮಗುನೂ ಬೆಚ್ಚುತ್ತೆ ಕಣೋ. ಅದು ತಿಳುವಳಿಕೆ ಅಲ್ಲ." ಚಪ್ಪಲಿ ಮೆಟ್ಟಿಕೊಳ್ಳುತ್ತಾ ಬಾಗಿಲಲ್ಲಿ ನಿಂತಳು. "ಒಂದು ಸಲ ತೋರ್ಸು. ಈ ಮನೇಲಿ ಈಗ ಏನಾಗ್ತಿದೆ ಅಂತ ಅವರಿಗೆ ಗೊತ್ತಿದೆ ಅನ್ನೋದನ್ನ ಒಂದೇ ಒಂದು ಸಲ ತೋರ್ಸು. ಆ ವ್ಯಾನ್‌ನ ನಾನೇ ವಾಪಸ್ ಕಳಿಸ್ತೀನಿ. ಸೊಂಟ ಮುರಿದ್ರೂ ಸರಿ."

ಗುರುವಾರ ಬೆಳಿಗ್ಗೆ ಗಡ್ಡಣ್ಣನನ್ನು ಕರೆಸಿದೆ.

ಅಪ್ಪ ನಲವತ್ತು ವರ್ಷ ಪಂಪು ರಿಪೇರಿ ಮಾಡಿದವರು. ಊರಲ್ಲಿ ಅವರ ಹೆಸರು ಕಿವಿ ಮೇಸ್ತ್ರಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. "ಮಿಷನ್ನು ಸುಳ್ಳು ಹೇಳಲ್ಲ, ಮನೆಯವರು ಹೇಳ್ತಾರೆ" ಎನ್ನುತ್ತಿದ್ದರು. ನಾನು ಹತ್ತು ವರ್ಷದವನಿದ್ದಾಗ ಒಮ್ಮೆ ಆ ಹಿಡಿಯನ್ನು ನನ್ನ ಕಿವಿಗಿಟ್ಟು, "ಏನು ಕೇಳ್ಸುತ್ತೆ?" ಎಂದಿದ್ದರು. "ಗುರ್ ಅಂತಿದೆ" ಎಂದೆ. "ಅದು ಎಲ್ಲರಿಗೂ ಕೇಳ್ಸುತ್ತೆ" ಎಂದು ಸ್ಕ್ರೂಡ್ರೈವರು ವಾಪಸ್ಸು ತೆಗೆದುಕೊಂಡರು. ಆಮೇಲೆ ನಾನು ಎಂ.ಎ. ಓದಿದೆ. ನಮ್ಮಿಬ್ಬರ ನಡುವೆ ಜಗಳವೇನೂ ಇರಲಿಲ್ಲ. ಮಾತು ಇರಲಿಲ್ಲ, ಅಷ್ಟೆ.

ಗಡ್ಡಣ್ಣ ಅಪ್ಪನ ಕೈಕೆಳಗೆ ಹದಿನೈದು ವರ್ಷ ಪಳಗಿ, ಈಗ ಸ್ವಂತ ಅಂಗಡಿ ಇಟ್ಟವನು. ಗಡ್ಡ ಬೋಳಿಸಿ ಎಷ್ಟೋ ವರ್ಷವಾಗಿದ್ದರೂ ಹೆಸರನ್ನು ಬೋಳಿಸಿಕೊಳ್ಳಲು ಅವನಿಗೆ ಆಗಿರಲಿಲ್ಲ. ಬಂದವನೇ ಮಂಚದ ಪಕ್ಕ ನಿಂತು ಜೋರಾಗಿ ಹೇಳಿದ:

"ಮೇಸ್ತ್ರೀ, ನಿಮ್ಮ ಮನೆ ಪಂಪನ್ನ ನನ್ನ ಕೈಲಿ ಮುಟ್ಟಿಸ್ತಿದಾನೆ ನಿಮ್ಮ ಮಗ. ಬೈಬೇಕು ಅನ್ಸಿದ್ರೆ ಎದ್ದು ಬೈರಿ."

ಅಷ್ಟರಲ್ಲಿ ಪಂಪು ಎದ್ದಿತು. ಬೆರಳೂ ಎದ್ದಿತು. ಗಡ್ಡಣ್ಣನ ನಗು ಅಲ್ಲೇ ನಿಂತಿತು. ಪಂಪು ಮಲಗಿ ಬೆರಳು ಇಳಿಯುವವರೆಗೂ ಅವನು ಕದಲಲಿಲ್ಲ.

"ತಮ್ಮಾ, ಇದು ಮೇಸ್ತ್ರಿ ಲೆಕ್ಕ ಕಣಪ್ಪ" ಎಂದ, ಈಗ ಪಿಸುಮಾತಿನಲ್ಲಿ. "ಪಂಪು ಎಷ್ಟು ಹೊತ್ತು ಓಡುತ್ತೆ, ಎಷ್ಟು ಹೊತ್ತು ನಿಲ್ಲುತ್ತೆ ಅಂತ ಹಿಂಗೇ ಬೆರಳೆತ್ತಿ ಎಣಿಸ್ತಿದ್ರು. ನಾನು ನಡುವೆ ಬಾಯಿ ಹಾಕಿದ್ರೆ ಸ್ಪ್ಯಾನರಲ್ಲಿ ಕುಟ್ಟಿದ್ದೂ ಇದೆ. ಎಣಿಸ್ತಿದಾರೆ. ಒಳಗೇ ಇದಾರೆ."

ನಾನು ಅಡುಗೆಮನೆಗೆ ಹೋಗಿ ಅವನಿಗೆ ಕಾಫಿ ಮಾಡಿ ತಂದೆ.

ಅಪ್ಪನಿಗೆ ಮಾಳಿಗೆಯ ಮೇಲೆ ಟ್ಯಾಂಕಿಡುವ ಮನೆಗಳೆಂದರೆ ತಾತ್ಸಾರ. ಅಂಗಳದಲ್ಲಿ ಚೌಕಾಕಾರದ ಸಂಪು, ಮೆಟ್ಟಿಲ ಕೆಳಗೆ ಪಂಪು, ಅದರ ಪಕ್ಕ ಗಾಳಿ ತುಂಬಿದ ಪ್ರೆಶರ್ ಟ್ಯಾಂಕು, ಅಲ್ಲಿಂದ ನೇರ ನಲ್ಲಿಗಳಿಗೆ ನೀರು. ಗಡ್ಡಣ್ಣ ಟ್ಯಾಂಕಿನ ಮೈಯನ್ನು ಬೆರಳಗೆಣ್ಣಿನಿಂದ ಮೇಲಿಂದ ಕೆಳಕ್ಕೆ ತಟ್ಟುತ್ತಾ ಹೋದ. ಮೇಲೆ ಟೊಳ್ಳು ಸದ್ದು, ಕೆಳಗೆ ದಪ್ಪ ಸದ್ದು. ಗಾಳಿಯ ಮೂತಿಯನ್ನು ಉಗುರಿನಿಂದ ಒತ್ತಿದ. ಗಾಳಿ ಬಂತು, ನೀರು ಬರಲಿಲ್ಲ.

"ಒಳಗಿನ ರಬ್ಬರ್ ಚೀಲ ಹರಿದಿಲ್ಲ. ನಿನ್ನ ಕರಡು ತಿದ್ದೋ ಕೆಲಸದ ಥರಾನೇ ಇದೂನೂ. ತಪ್ಪು ಎಲ್ಲಿಲ್ಲ ಅಂತ ಮೊದಲು ನೋಡ್ಬೇಕು."

"ನಾನು ತಪ್ಪು ಎಲ್ಲಿದೆ ಅಂತಾನೇ ನೋಡೋದು."

"ಅದಕ್ಕೇ ನಿಮ್ಮ ಪುಸ್ತಕದಲ್ಲಿ ಅಷ್ಟೊಂದು ತಪ್ಪು ಉಳಿಯುತ್ತೆ."

ಮನೆಯೊಳಗೆ ಹೋಗುವ ಪೈಪಿನ ವಾಲ್ವನ್ನು ಮುಚ್ಚಿದ. ಐದು ನಿಮಿಷ ಕಳೆಯಿತು. ಹತ್ತಾಯಿತು. ಪಂಪು ಏಳಲಿಲ್ಲ. ಅಂದರೆ ಪಂಪಿನಲ್ಲಿ ಊನವಿಲ್ಲ, ಸಂಪಿನ ಕಡೆಗೆ ನೀರು ಹಿಂದೆ ಜಾರುತ್ತಿಲ್ಲ. ಮನೆಯೊಳಗೆ ಎಲ್ಲೋ ಸೋರುತ್ತಿದೆ. ಸೋರಿ ಒತ್ತಡ ಇಳಿದಾಗಲೆಲ್ಲ ಪಂಪು ಏಳುತ್ತಿದೆ. ವಾಲ್ವನ್ನು ಮತ್ತೆ ತೆರೆದು ಅಡುಗೆಮನೆ ನಲ್ಲಿ, ಬಚ್ಚಲ ನಲ್ಲಿ, ಬೇಸಿನ್ನು ಎಲ್ಲದರ ಮೂತಿಗೂ ಬೆರಳಿಟ್ಟು ನೋಡಿದೆವು. ಒಣಗಿದ್ದವು. ಶೌಚದ ಫ್ಲಶ್ ಟ್ಯಾಂಕಿಗೆ ನನ್ನ ಕೆಂಪು ಶಾಯಿ ಸುರಿದು ಕಾದೆವು. ಕೆಂಪು ಕೆಳಗಿಳಿಯಲಿಲ್ಲ. ಬಚ್ಚಲಿನ ನೆಲ ಕೂಡ ಒಣಗಿಯೇ ಇತ್ತು.

"ಗೋಡೆ ಒಳಗೇ ಇರ್ಬೇಕು. ಒಂದೊಂದು ಕೋಣೆಗೂ ಒಂದೊಂದು ವಾಲ್ವ್ ಇಟ್ಟಿದ್ರೆ ಹತ್ತು ನಿಮಿಷದಲ್ಲಿ ಹಿಡೀಬಹುದಿತ್ತು" ಎಂದು ಗಡ್ಡಣ್ಣ ಗೊಣಗಿದ. "ಊರಿಗೆಲ್ಲ ವಾಲ್ವ್ ಹಾಕ್ಸಿದ್ರು. ತಮ್ಮ ಮನೆಗೆ ಮಾತ್ರ, ಎಷ್ಟು ವಾಲ್ವೋ ಅಷ್ಟು ಸೋರಿಕೆ ಅಂತ ಒಂದೇ ಒಂದು. ಲೈನು ಹೆಂಗೆ ಹೋಗಿದೆ ಅಂತ ನಕ್ಷೆ ಏನಾದ್ರೂ ಇದೆಯಾ?"

ನಕ್ಷೆ ಇರಲಿಲ್ಲ. ಅಪ್ಪ ಗೋಡೆಯ ಮೇಲೆಯೇ ಸೀಮೆಸುಣ್ಣದಲ್ಲಿ ಗೆರೆ ಎಳೆದು ಪೈಪು ಕೂರಿಸುವವರು, ಆಮೇಲೆ ಅದರ ಮೇಲೆ ಗಿಲಾವು. ನಾನು ಒಮ್ಮೆ ಕೇಳಿದ್ದಕ್ಕೆ, "ಕಾಗದದಲ್ಲಿದ್ರೆ ಕಳೆದುಹೋಗುತ್ತೆ, ತಲೇಲಿದ್ರೆ ಕಳೆಯಲ್ಲ" ಎಂದಿದ್ದರು.

ಗಡ್ಡಣ್ಣ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

ಅಪ್ಪನನ್ನು ದಿಂಬಿಗೆ ಒರಗಿಸಿ ಕೂರಿಸಿದೆವು. ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಹಿಂದು ಮುಂದು ಮಾಡಿ ಹಲಗೆಗೆ ಸಿಕ್ಕಿಸಿ ತೊಡೆಯ ಮೇಲಿಟ್ಟೆ. ಬಡಗಿಗಳ ದಪ್ಪ ಪೆನ್ಸಿಲನ್ನು ಎಡಗೈ ಬೆರಳುಗಳ ನಡುವೆ ಇಟ್ಟು, ಗಡ್ಡಣ್ಣ ಅವರ ಕಿವಿಯ ಹತ್ತಿರ ಬಾಗಿದ. ಹದಿನೈದು ವರ್ಷ ದಿನಾ ಕೇಳಿದ ಪ್ರಶ್ನೆಯನ್ನು ಅದೇ ಧಾಟಿಯಲ್ಲಿ ಕೇಳಿದ:

"ಮೇಸ್ತ್ರೀ, ಎಲ್ಲಿ ಒಡೀಲಿ?"

ಬಹಳ ಹೊತ್ತು ಏನೂ ಆಗಲಿಲ್ಲ. ಪಂಪು ಒಂದು ಸಲ ಎದ್ದು ಮಲಗಿತು. ಪೆನ್ಸಿಲು ಹಿಡಿದ ಬೆರಳು ಎದ್ದು ಇಳಿಯಿತು. ಇಳಿದ ಬೆರಳು ಹಾಳೆಯ ಮೇಲೆ ಜರುಗತೊಡಗಿತು.

ಮೊದಲು ಒಂದು ವೃತ್ತ. ಅಲ್ಲಿಂದ ನೇರ ಗೆರೆ. ಒಂದು ತಿರುವು, ತಿರುವಿನ ಎರಡೂ ಬದಿಗೆ ಪುಟ್ಟ ಅಡ್ಡಗೀರುಗಳು; ಅಪ್ಪ ಮೊಣಕೈ ಜೋಡಣೆಗೆ ಹಾಕುವ ಗುರುತು. ಮೂತಿಗೆ ಮೂತಿ ಕೂಡಿದ ಎರಡು ತ್ರಿಕೋನ, ಅಂದರೆ ವಾಲ್ವು. ಇನ್ನೊಂದು ತಿರುವು. ಕವಲು. ಮೂರನೆಯ ತಿರುವು. ಕೈ ನಡುಗುತ್ತಿತ್ತು, ಮೂಲೆಗಳು ನಡುಗಲಿಲ್ಲ. ಕೊನೆಗೆ ಗೆರೆಯ ಮೇಲೆ ಒಂದು ಕತ್ತರಿ ಗುರುತು ಹಾಕಿ, ಪೆನ್ಸಿಲನ್ನು ಒತ್ತಿ ಹಿಡಿದರು. ಮೊನೆ ಮುರಿಯಿತು.

"ವೃತ್ತ ಅಂದ್ರೆ ಸಂಪು" ಎಂದ ಗಡ್ಡಣ್ಣ. ಅವನ ಕಣ್ಣು ತುಂಬಿತ್ತು. "ಮೂರು ತಿರುವು... ಅಡುಗೆಮನೆಗೂ ಬಚ್ಚಲಿಗೂ ನಡುವಿನ ಗೋಡೆ. ನಾಳೆ ಬೆಳಿಗ್ಗೆ ಉಳಿ ಸುತ್ತಿಗೆ ತರ್ತೀನಿ. ಅಕ್ಕನಿಗೆ ಫೋನ್ ಮಾಡು ತಮ್ಮಾ."

ನಮ್ಮ ಸಂಪು ಚೌಕ. ಕೈ ನಡುಗಿ ಚೌಕ ದುಂಡಗಾಗಿರಬೇಕು ಅಂದುಕೊಂಡೆ. ಉಳಿದ ಮೂಲೆಗಳೆಲ್ಲ ಸರಿಯಾಗಿಯೇ ಇದ್ದವು ಎಂಬುದು ಆಗ ನನಗೆ ಹೊಳೆಯಲಿಲ್ಲ, ಅಥವಾ ಹೊಳೆಯಲು ನಾನು ಬಿಡಲಿಲ್ಲ.

ಶುಕ್ರವಾರ ಅಕ್ಕ ಬೇಗ ಬಂದಳು. ಗಡ್ಡಣ್ಣ ನಡೆದದ್ದನ್ನೆಲ್ಲ ಕೈ ಆಡಿಸಿ ಹೇಳಿದ. ಮೊಣಕೈ ಗುರುತು, ವಾಲ್ವ್ ಗುರುತು ಒಂದೂ ಬಿಡಲಿಲ್ಲ. ಅಕ್ಕ ಹಾಳೆಯ ಕಡೆ ನೋಡಲೇ ಇಲ್ಲ. ನೇರ ಹೋಗಿ ಅಪ್ಪನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು.

"ಬರೆದ್ರಾ ಅಪ್ಪ? ನೀವೇ ಬರೆದ್ರಾ?" ಎಂದಳು, ಮಗ್ಗಿ ಒಪ್ಪಿಸಿದ ಮಗುವನ್ನು ಕೇಳುವ ಹಾಗೆ. ಆಮೇಲೆ ಆರೈಕೆ ಕೇಂದ್ರಕ್ಕೆ ತಿಳಿಸಲೆಂದು ಫೋನು ತೆಗೆದಳು. ತೆಗೆದವಳು ಮತ್ತೆ ಚೀಲದಲ್ಲಿಟ್ಟಳು. "ಒಡೆದು ನೋಡಿದ ಮೇಲೆ ಮಾಡ್ತೀನಿ. ಮೊದಲು ಪೈಪು ಕಾಣಿಸ್ಲಿ."

ಗಡ್ಡಣ್ಣ ಗೇಣು ಅಳತೆ ಹಾಕಿ ಗೋಡೆಯ ಮೇಲೆ ಗುರುತು ಮಾಡಿದ. ಗಿಲಾವು ಹಪ್ಪಳದ ಹಾಗೆ ಬಿತ್ತು. ಒಳಗೆ ಇಟ್ಟಿಗೆ. ಇಟ್ಟಿಗೆ ಒಣಗಿತ್ತು. "ಇನ್ನೊಂಚೂರು ಎಡಕ್ಕಿರ್ಬೇಕು" ಎಂದು ಎಡಕ್ಕೆ ಒಡೆದ. ಬಲಕ್ಕೆ ಒಡೆದ. ಕೆಳಗೆ ಒಡೆದ. ಅಡುಗೆಮನೆಯ ಪಾತ್ರೆಗಳ ಮೇಲೆಲ್ಲ ಕೆಂಪು ಧೂಳು ಕೂತಿತು. ಎರಡು ಮೊಳ ಅಗಲದ ಗಾಯ ಮಾಡಿದರೂ ಆ ಗೋಡೆಯಲ್ಲಿ ಒದ್ದೆಯಿರಲಿ, ಪೈಪೇ ಇರಲಿಲ್ಲ. ಆಗೆಲ್ಲ ಪಕ್ಕದಲ್ಲೇ ಪಂಪು ಎದ್ದು ಮಲಗುತ್ತಿತ್ತು.

ಗಡ್ಡಣ್ಣ ಉಳಿಯನ್ನು ನೆಲಕ್ಕಿಟ್ಟು ಕುಕ್ಕರುಗಾಲಲ್ಲಿ ಕೂತ. "ಮೇಸ್ತ್ರಿ ಗುರುತು ಯಾವತ್ತೂ ತಪ್ಪಿದ್ದಿಲ್ಲ" ಎಂದ.

ಆಗ ಅಕ್ಕ ಹಾಳೆಯನ್ನು ಎತ್ತಿಕೊಂಡಳು. ನೋಡಿದಳು. ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ನೋಡಿದಳು. ಧೂಳು ತುಂಬಿದ ನೆಲದ ಮೇಲೆ ಹಾಗೆಯೇ ಕೂತುಬಿಟ್ಟಳು.

"ಇದು ಸಂಪಲ್ಲ. ಬಾವಿ."

"ನಮ್ಮನೇಲಿ ಬಾವಿ ಎಲ್ಲಿದೆ ಅಕ್ಕ?"

"ಈ ಮನೆ ಅಲ್ಲ ಕಣೋ. ರೈಲು ಹಳಿ ಪಕ್ಕದ ಬಾಡಿಗೆ ಮನೆ. ನೀನಿನ್ನೂ ಹುಟ್ಟಿರ್ಲಿಲ್ಲ." ಅವಳ ಬೆರಳು ಗೆರೆಯ ಮೇಲೆ ನಡೆಯಿತು. "ಹಿತ್ತಲಲ್ಲಿ ಬಾವಿ. ಇಲ್ಲಿ ಪಂಪಿನ ಗೂಡು. ಇದು ಬಚ್ಚಲು. ಇದು ಅಮ್ಮನ ಅಡುಗೆಮನೆ. ಈ ಗೋಡೆ ಒದ್ದೆಯಾಗಿ ಅಮ್ಮನ ಬೇಳೆ ಡಬ್ಬಕ್ಕೆಲ್ಲ ಬೂಷ್ಟು ಬಂದಿತ್ತು. ಅಪ್ಪ ಇದೇ ಜಾಗದಲ್ಲಿ ಒಡೆದ್ರು. ನಂಗೆ ಆರು ವರ್ಷ, ದೀಪ ಹಿಡ್ಕೊಂಡು ನಿಂತಿದ್ದೆ. ಅಮ್ಮ ಹಿಂದೆ ನಿಂತು ಬೈತಿದ್ಲು, 'ಊರವರ ಸೋರಿಕೆ ಎಲ್ಲಾ ನಿಲ್ಲಿಸ್ತೀರಿ, ಮನೇದಾದ್ರೆ ಹೆಂಡ್ತಿ ಅಳ್ಬೇಕು' ಅಂತ. ಅಪ್ಪ ನಗ್ತಿದ್ರು."

ಅಮ್ಮ ಹೋಗಿ ಇಪ್ಪತ್ತೆಂಟು ವರ್ಷ. ಅಪ್ಪ ನಕ್ಕಿದ್ದನ್ನು ನಾನು ನೋಡಿದ ನೆನಪಿಲ್ಲ.

ಅಕ್ಕನ ಮುಖದಲ್ಲಿ ಗೆದ್ದ ಭಾವ ಎಲ್ಲಾದರೂ ಇದೆಯೇ ಎಂದು ಹುಡುಕಿದೆ. ಇದ್ದಿದ್ದರೆ ಜಗಳವಾಡಬಹುದಿತ್ತು. ಅವಳು ಸೆರಗಿನ ತುದಿಯಿಂದ ಹಾಳೆಯ ಮೇಲಿನ ಧೂಳನ್ನು ಒರೆಸುತ್ತಿದ್ದಳು.

"ಅವರಿಗೆ ಎಲ್ಲಾ ಗೊತ್ತು" ಎಂದಳು. "ನೀನು ಹೇಳಿದ್ದು ಸರಿ. ಆದ್ರೆ ಅವರು ನಮ್ಮ ಜೊತೆ ಇಲ್ಲ. ಅಲ್ಲಿದಾರೆ."

ಗಡ್ಡಣ್ಣ ಕಸ ಗುಡಿಸತೊಡಗಿದ. ಅಕ್ಕ ಮುಖ ತೊಳೆಯಲು ಬಚ್ಚಲಿಗೆ ಹೋದಳು. ಕುರ್ಚಿ ಸರಿಸಿದ ಸದ್ದಾಯಿತು. ಆಮೇಲೆ ಅವಳ ಧ್ವನಿ:

"ಏ, ಈ ಪೈಪಿನ ಮೂತಿ ಯಾಕೋ ಮೋರಿಯೊಳಗೆ ತುರುಕಿದೀಯ?"

ನಾನು ಎದ್ದೆ. ಏಳುವಾಗಲೇ ಗೊತ್ತಾಗಿತ್ತು.

ಅಪ್ಪನಿಗೆ ಕೂರಿಸಿಯೇ ಸ್ನಾನ ಮಾಡಿಸಲೆಂದು ನಾನೇ ಬಟ್ಟೆ ಒಗೆಯುವ ಮಿಷನ್ನಿನ ಹಿಂದಿನ ನಲ್ಲಿಗೆ ಒಂದು ಕೈ-ಶವರು ಜೋಡಿಸಿದ್ದೆ. ಮೂರು ವಾರದ ಹಿಂದೆ ಅದರ ಗುಂಡಿ ಸಡಿಲವಾಗಿ ಸೋರಲು ಶುರುವಾಯಿತು. ಒದ್ದೆ ನೆಲದಲ್ಲಿ ಅಪ್ಪನನ್ನು ಹೊತ್ತು ಜಾರಿಬಿದ್ದೇನು ಎಂದು ಹೆದರಿ, ಜಾಲರಿ ಸರಿಸಿ ಅದರ ಮೂತಿಯನ್ನು ಮೋರಿಯ ಆಳಕ್ಕೆ ಇಳಿಸಿದ್ದೆ. ಮಿಷನ್ನಿನ ಕೊಳೆನೀರಿನ ಪೈಪೂ ಅದೇ ಮೋರಿಗೆ ಇಳಿದಿತ್ತು. ದಿನಾ ಅಕ್ಕ ಬರುವ ಮೊದಲು ಸ್ನಾನಕ್ಕೆ ಎತ್ತುವುದು, ಅವಳು ಹೋದ ಮೇಲೆ ಮತ್ತೆ ತುರುಕುವುದು. ಕೈ ಮಾಡುತ್ತಿತ್ತು, ತಲೆಗೆ ಲೆಕ್ಕವಿರಲಿಲ್ಲ. ಈಗ ಅಕ್ಕ ಎತ್ತಿ ಹಿಡಿದಿದ್ದಳು. ನೂಲಿನಷ್ಟು ದಪ್ಪದ ನೀರು, ಸದ್ದಿಲ್ಲದೆ, ಎಡೆಬಿಡದೆ ಸುರಿಯುತ್ತಿತ್ತು.

"ಅಯ್ಯೋ, ಎರಡು ಪೈಪೂ ಮಿಷನ್ನಿಂದೇ ಅಂದ್ಕೊಂಡ್ನಲ್ಲ" ಎಂದು ಗಡ್ಡಣ್ಣ ಹಣೆ ಬಡಿದುಕೊಂಡ. "ಮೇಸ್ತ್ರಿಗೆ ಗೊತ್ತಾದ್ರೆ ನನ್ನ ಅಂಗಡಿ ಮುಚ್ಚಿಸ್ತಾರೆ."

ಹೇಳಿದ ಮೇಲೆ ಅವನಿಗೇ ಮುಜುಗರವಾಯಿತು. ಮಿಷನ್ನಿನ ಹಿಂದೆ ಕೈ ಹಾಕಿ ನಲ್ಲಿಯನ್ನು ತಿರುಗಿಸಿ ಬಿಗಿ ಮಾಡಿದ. ಅಷ್ಟೆ ಕೆಲಸ.

ಮನೆ ಸುಮ್ಮನಾಯಿತು. ಆ ಮೌನ ಎಂಥದು ಎಂದು ನಾನು ಮೂರು ವಾರದಲ್ಲಿ ಮರೆತಿದ್ದೆ. ಅಪ್ಪನ ಪಕ್ಕ ಗಡಿಯಾರ ಇಟ್ಟುಕೊಂಡು ಸಂಜೆಯವರೆಗೂ ಕೂತೆ. ಬೆರಳು ಏಳಲಿಲ್ಲ. ಮೂರು ವಾರದ ಹಿಂದೆ ಅದು ಮೊದಲ ಸಲ ಎದ್ದಾಗ ಅಪ್ಪ ಚೇತರಿಸಿಕೊಳ್ಳುತ್ತಿದ್ದಾರೆ ಎಂದು ಹಿಗ್ಗಿದ್ದೆನಲ್ಲ, ಅದೂ ನನ್ನ ಸೋರಿಕೆಯದೇ ಕೆಲಸ. ನಾನು ತುರುಕಿಟ್ಟ ಪೈಪು ಪಂಪನ್ನು ಎಬ್ಬಿಸುತ್ತಿತ್ತು, ಪಂಪು ಅಪ್ಪನನ್ನು ರೈಲು ಹಳಿಯ ಪಕ್ಕದ ಮನೆಗೆ ಕರೆದೊಯ್ಯುತ್ತಿತ್ತು. ಆ ಮನೆಯಲ್ಲಿ ಅಮ್ಮ ಇದ್ದಳು. ನಾನಿರಲಿಲ್ಲ.

ಶನಿವಾರ ಅಕ್ಕ ಒಂಬತ್ತಕ್ಕೆ ಬಂದು ಅಪ್ಪನ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದಳು. ಎತ್ತಲು ನೆರವಾಗಲೆಂದು ಗಡ್ಡಣ್ಣನೂ ಬಂದಿದ್ದ. ನಾನು ಬಚ್ಚಲಿಗೆ ಹೋಗಿ, ಮಿಷನ್ನಿನ ಹಿಂದೆ ಕೈ ಹಾಕಿ, ನಲ್ಲಿಯನ್ನು ಸಡಿಲಿಸಿದೆ. ಶವರಿನ ಮೂತಿಯನ್ನು ಮೋರಿಗೆ ಇಳಿಸಿದೆ. ವ್ಯಾನು ವಾಪಸ್ಸು ಹೋಗುತ್ತದೆ ಎಂದು ನಂಬುವಷ್ಟು ಮೂರ್ಖ ನಾನಲ್ಲ.

ಐದು ನಿಮಿಷದ ಮೇಲೆ ಪಂಪು ಎದ್ದಿತು. ಅಪ್ಪನ ಬೆರಳು ಎದ್ದಿತು.

ಅಕ್ಕ ಮಡಿಸುತ್ತಿದ್ದ ಅಂಗಿಯನ್ನು ಕೈಯಲ್ಲೇ ಹಿಡಿದು ನೋಡಿದಳು. "ಸರಿ ಮಾಡಿಲ್ವಾ ಅದನ್ನ?" ಎಂದಳು.

"ಮಾಡಿದಾನೆ."

ಅವಳು ಬಚ್ಚಲಿಗೆ ಹೋದಳು. ಮಿಷನ್ನು ಸರಿದ ಸದ್ದು ಕೇಳಿಸಿತು. ತಿರುಗಿ ಬಂದಾಗ ಅವಳ ತೋಳು ಮೊಣಕೈವರೆಗೂ ಒದ್ದೆಯಾಗಿತ್ತು. ನನ್ನ ತಲೆಯ ಮೇಲೆ ಆ ಒದ್ದೆ ಕೈಯನ್ನು ಒಂದು ಗಳಿಗೆ ಇಟ್ಟು, ಮತ್ತೆ ಅಂಗಿ ಮಡಿಸಿದಳು.

ಪಂಪು ಮಲಗಿತು, ಬೆರಳು ಇಳಿಯಿತು. ಐದು ನಿಮಿಷದ ಹೊತ್ತಿಗೆ ಅಪ್ಪನ ಕೈ ಹೊದಿಕೆಯ ಮೇಲೆ ಆ ಕಡೆ ಈ ಕಡೆ ಸರಿದಾಡಿತು, ಎಲ್ಲೋ ಇಟ್ಟ ಸಾಮಾನನ್ನು ಕತ್ತಲಲ್ಲಿ ತಡಕುವ ಹಾಗೆ. ಆಮೇಲೆ ನಿಂತಿತು.

ವ್ಯಾನು ಸರಿಯಾಗಿ ಹತ್ತಕ್ಕೆ ಬಂತು. ಗಡ್ಡಣ್ಣ ಅಪ್ಪನನ್ನು ಒಬ್ಬನೇ ಎದೆಗೆತ್ತಿಕೊಂಡ. "ಮೇಸ್ತ್ರೀ, ಹಗುರಾಗ್ಬಿಟ್ರಲ್ರೀ" ಎಂದ. ಅಕ್ಕ ಮುಂದೆ ಚಾಲಕನ ಪಕ್ಕ ಕೂತಳು. ನಾನು ಹಿಂದೆ, ಅಪ್ಪ ಮಲಗಿದ್ದ ಹಲಗೆಯ ಪಕ್ಕ. ಗಡ್ಡಣ್ಣ ಹೊರಗಿನಿಂದ ಬಾಗಿಲು ಎಳೆದು ಹಾಕಿದ.

ಚಾಲಕ ಕೀಲಿ ತಿರುಗಿಸಿದ. ಟಕ್ ಎಂದು ಇಂಜಿನ್ನು ಗುರುಗುಟ್ಟಿತು. ಹೊದಿಕೆಯ ಅಂಚಿನಿಂದ ಅಪ್ಪನ ತೋರುಬೆರಳು ಮೆಲ್ಲಗೆ ಮೇಲೆದ್ದಿತು.

ವ್ಯಾನು ನಮ್ಮ ಬೀದಿ ದಾಟಿತು, ಮಾರುಕಟ್ಟೆ ದಾಟಿತು, ಸೇತುವೆ ದಾಟಿತು. ಇಂಜಿನ್ನು ನಿಲ್ಲಲಿಲ್ಲ. ಅಪ್ಪ ಎಣಿಸುತ್ತಲೇ ಇದ್ದರು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಯಾವ ಪಂಪೂ ಅಷ್ಟು ಹೊತ್ತು ಓಡುವುದಿಲ್ಲ. ಅವರ ಹುಬ್ಬು ಗಂಟಿಕ್ಕಿತು. ಬೆರಳು ನಡುಗಲು ಶುರುವಾಯಿತು, ಆಮೇಲೆ ಮಣಿಕಟ್ಟು, ಆಮೇಲೆ ಇಡೀ ತೋಳು. ಆದರೂ ಇಳಿಸಲಿಲ್ಲ.

ನಾನು ಬಾಗಿ ಅವರ ಕಿವಿಯ ಹತ್ತಿರ, "ಸಾಕು ಅಪ್ಪ, ನಿಂತಿತು" ಎಂದೆ. ಇಂಜಿನ್ನಿನ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಿಸಲಿಲ್ಲ. ಆ ಬೆರಳನ್ನು ನನ್ನ ಕೈಯಲ್ಲಿ ಹಿಡಿದೆ. ಅದು ಬಿಗಿಯಾಗಿ ಸೆಟೆದುಕೊಂಡಿತು. ಇನ್ನಷ್ಟು ಬಲ ಹಾಕಿ ನಾನೇ ಅದನ್ನು ಇಳಿಸಿದೆ, ಮತ್ತೆ ಏಳದಂತೆ ಒತ್ತಿ ಹಿಡಿದುಕೊಂಡು ಕೂತೆ.